ದೇಶ ಅಂದ್ರೆ ಹೆಣ್ಣು, ಸರಿ. ಕಿರೀಟ ಯಾರಿಗೆ, ಬೆತ್ತಲೆ ಯಾರು?

1644ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ ಇನ್ನೂ ಐದಾರು ವರ್ಷದ ಹುಡುಗ. ಅವನಿಗೆ ಆಟದಲ್ಲೇ ಭೂಗೋಳ ಕಲಿಸೋಕೆ ಅಂತ ಇಸ್ಪೀಟ್ ಎಲೆಗಳು ತಯಾರಾದವು. ಚಿತ್ರ ಕೊರೆದವನು ಫ್ಲಾರೆನ್ಸಿನ ಸ್ತೆಫಾನೊ ದೆಲ್ಲಾ ಬೆಲ್ಲಾ. ಎಲೆಗೊಂದು ನಾಡು, ಅವುಗಳಲ್ಲಿ ಹಲವು ಹೆಣ್ಣಿನ ರೂಪದಲ್ಲಿ. ನಾಲ್ಕು ರಂಗು ಅಂದರೆ ನಾಲ್ಕು ಖಂಡ. ಇಡೀ ಜಗತ್ತು ಪುಟ್ಟ ದೊರೆಯ ಅಂಗೈಯಲ್ಲಿ!

ನಾಡು ಯಾಕೆ ಹೆಣ್ಣಾಯ್ತು? ಸುಲಭದ ಉತ್ತರ ವ್ಯಾಕರಣ. ಲ್ಯಾಟಿನ್‌ನಲ್ಲಿ ಯುರೋಪ, ಏಷ್ಯಾ, ಆಫ್ರಿಕಾ, ಅಮೆರಿಕಾ ಎಲ್ಲವೂ ಸ್ತ್ರೀಲಿಂಗ. ರೋಮನ್ನರ ನಾಣ್ಯಗಳಲ್ಲೇ ಪ್ರಾಂತ್ಯಗಳು ಹೆಂಗಸರಾಗಿದ್ದವು. ಆದರೆ ಯಾರಿಗೆ ಕಿರೀಟ, ಯಾರಿಗೆ ಬಟ್ಟೆಯೂ ಇಲ್ಲ ಅನ್ನೋದನ್ನ ವ್ಯಾಕರಣ ಹೇಳಲ್ಲ.

ಅದನ್ನ ಹೇಳಿದ್ದು ಚೆಸಾರೆ ರೀಪಾನ ‘ಇಕೊನೊಲೊಜಿಯಾ’. 1593ರಲ್ಲಿ ಮೊದಲು ಬಂದ, 1603ರಲ್ಲಿ ಮರದಚ್ಚಿನ ಚಿತ್ರಗಳನ್ನು ಸೇರಿಸಿಕೊಂಡ ಈ ಪುಸ್ತಕ ಬರೋಕ್ ಕಾಲದ ಕಲಾವಿದರ ಕೈಪಿಡಿ. ಅದರಲ್ಲಿ ಯುರೋಪಿಗೆ ಕಿರೀಟ, ಕೈಯಲ್ಲಿ ದೇವಾಲಯ, ಪಕ್ಕದಲ್ಲಿ ಕುದುರೆ, ಆಯುಧ, ಪುಸ್ತಕ. ಏಷ್ಯಾಕ್ಕೆ ಹೂವು, ಧೂಪ, ಒಂಟೆ. ಆಫ್ರಿಕಾದ ತಲೆ ಮೇಲೆ ಆನೆಯ ಮುಖ. ಅಮೆರಿಕ ಮಾತ್ರ ಬೆತ್ತಲೆ. ಕೈಯಲ್ಲಿ ಬಿಲ್ಲು, ಕಾಲಡಿಯಲ್ಲಿ ಬಾಣ ನೆಟ್ಟ ಮನುಷ್ಯನ ತಲೆ. ಅಂದರೆ ಧರ್ಮ, ಅಧಿಕಾರ, ಅಕ್ಷರ ಒಬ್ಬಳಿಗೆ, ಸರಕು ಇನ್ನೊಬ್ಬಳಿಗೆ, ‘ಕಾಡುತನ’ ಮತ್ತೊಬ್ಬಳಿಗೆ. ವಸಾಹತುಶಾಹಿಗೆ ಬೇಕಾಗಿದ್ದ ಸಮರ್ಥನೆ ಇಲ್ಲೇ ಸಿದ್ಧವಾಗಿತ್ತು.

ಅಚ್ಚಿನ ಶಕ್ತಿ ಇರೋದು ನಕಲಿನಲ್ಲಿ. ಒಂದು ವರ್ಣಚಿತ್ರ ಒಂದು ಗೋಡೆ ಮೇಲಿರುತ್ತೆ. ತಾಮ್ರದ ಫಲಕದಿಂದ ನೂರಾರು ಪ್ರತಿ ತೆಗೀಬಹುದು. ಹಾಗಾಗಿ ಈ ಹೆಂಗಸರು ಅಟ್ಲಾಸಿನ ಮುಖಪುಟಕ್ಕೂ ಭೂಪಟದ ಮೂಲೆಗೂ ಬಂದು ಕೂತರು. ಅಮೆರಿಕವನ್ನು ಕಣ್ಣಿಂದ ನೋಡದವರಿಗೆ ಈ ಚಿತ್ರವೇ ಅಮೆರಿಕ ಆಯ್ತು.

ಇದೇ ತಂತ್ರವನ್ನ ದಬ್ಬಾಳಿಕೆ ವಿರುದ್ಧವೂ ಬಳಸಿದ್ದಾರೆ. ಸ್ಪೇನ್ ವಿರುದ್ಧ ಬಂಡೆದ್ದ ಡಚ್ಚರ ಮುದ್ರಣಚಿತ್ರಗಳಲ್ಲಿ ಹಾಲೆಂಡ್ ಅಂದರೆ ಬೇಲಿ ಹಾಕಿದ ತೋಟದಲ್ಲಿ ಕೂತ ಕನ್ಯೆ, ಕಾವಲಿಗೆ ಸಿಂಹ. ಗೆಲ್ಲಬೇಕಾದ ನೆಲವೂ ಹೆಣ್ಣು, ಕಾಯಬೇಕಾದ ನೆಲವೂ ಹೆಣ್ಣು.

ಆದರೆ ಚಿತ್ರದಲ್ಲಿ ನಾಡೇ ಆಗಿದ್ದ ಹೆಣ್ಣಿಗೆ ಆ ನಾಡಿನ ಆಡಳಿತದಲ್ಲಿ ಜಾಗ ಇತ್ತಾ? ಡಚ್ಚರ ಪ್ರತಿನಿಧಿ ಸಭೆಗಳಲ್ಲಿ ಕೂರುತ್ತಿದ್ದವರು ಗಂಡಸರು. ಫ್ರಾನ್ಸಿನಲ್ಲಿ ಹೆಣ್ಣಿಗೆ ಸಿಂಹಾಸನದ ಹಕ್ಕೇ ಇರಲಿಲ್ಲ. ಲೂಯಿಯ ತಾಯಿ ಆನ್ ಆಳಿದ್ದೂ ಮಗನ ಹೆಸರಲ್ಲೇ.

ಇನ್ನು ಮುಂದೆ ಯಾವುದೇ ನಾಡನ್ನ ಹೆಣ್ಣಾಗಿ ತೋರಿಸೋ ಚಿತ್ರ ಕಂಡರೆ ಎರಡು ಪ್ರಶ್ನೆ ಕೇಳಿ ನೋಡಿ: ಅವಳಿಗೆ ಬಟ್ಟೆ ಆರಿಸಿದ್ದು ಯಾರು? ಅವಳ ಹೆಸರಲ್ಲಿ ಮಾತಾಡ್ತಿರೋದು ಯಾರು?