ಒಂದೇ ಕಡತ, ಆರು ಕೈಗಳು

ಬೆಳಿಗ್ಗೆ ಹತ್ತೂವರೆ. ಕಚೇರಿಯಲ್ಲಿ ಆರು ಕಂಪ್ಯೂಟರುಗಳು ಚಾಲೂ ಆಗಿವೆ. ಕೌಂಟರಿನ ಆಚೆ ಜನ ಸಾಲುಗಟ್ಟಿ ನಿಂತಿದ್ದಾರೆ. ಅಷ್ಟರಲ್ಲಿ ಒಂದು ತೆರೆಯ ಮೇಲೆ, ಕಡತದ ಸ್ವರೂಪವನ್ನು ಗುರುತಿಸಲಾಗುತ್ತಿಲ್ಲ ಎಂಬ ಅರ್ಥದ ಇಂಗ್ಲಿಷ್ ವಾಕ್ಯ. ಜೊತೆಗೆ 3343 ಎಂಬ ಸಂಖ್ಯೆ. ಆಗ ಎಲ್ಲರ ಬಾಯಿಂದ ಬರುವ ಮೊದಲ ಪ್ರಶ್ನೆ ಒಂದೇ: ‘ಯಾರು ಏನು ಒತ್ತಿದಿರಿ?’ ಕಚೇರಿಗಳ ಗಣಕೀಕರಣ ಕುರಿತ ಮಾತುಕತೆಯಲ್ಲಿ ಈ ವಿಷಯಕ್ಕೆ ದೊರೆತದ್ದು ಎರಡೇ ನಿಮಿಷ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಉದಾಹರಣೆಗೆ ಮೈಕ್ರೋಸಾಫ್ಟ್ ಆಕ್ಸೆಸ್ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. 1992ರಲ್ಲಿ ಬಂದ ಇದು ಇಂದಿಗೂ ಅನೇಕ ಸಣ್ಣ ಕಚೇರಿಗಳಲ್ಲಿ ಬಳಕೆಯಲ್ಲಿದೆ. ಸದಸ್ಯರ ಪಟ್ಟಿ, ರಸೀದಿ, ಸಾಲದ ಬಾಕಿ ಎಲ್ಲವೂ ಒಂದೇ ಕಡತದಲ್ಲಿರುತ್ತವೆ. ಹಳೆಯ ಕಡತವಾದರೆ ಹೆಸರಿನ ಕೊನೆಗೆ ಎಂಡಿಬಿ ಎಂದೂ, 2007ರ ಆವೃತ್ತಿಯಿಂದೀಚಿನದಾದರೆ ಎಸಿಸಿಡಿಬಿ ಎಂದೂ ಇರುತ್ತದೆ.

ಈಗ ಒಂದು ಚಿತ್ರವನ್ನು ಕಲ್ಪಿಸಿಕೊಳ್ಳಿ. ಬ್ಯಾಂಕಿನ ಲೆಡ್ಜರನ್ನು ಒಬ್ಬ ಗುಮಾಸ್ತ ಮಾತ್ರ ಮುಟ್ಟುತ್ತಾನೆ. ಉಳಿದವರು ಅವನಿಗೆ ಚೀಟಿ ಕೊಡುತ್ತಾರೆ. ದೊಡ್ಡ ಸಂಸ್ಥೆಗಳ ದತ್ತಾಂಶ ಸರ್ವರುಗಳು ಕೆಲಸ ಮಾಡುವುದು ಹೀಗೆ. ಆಕ್ಸೆಸ್ ಕಡತದ ರೀತಿ ಬೇರೆ. ಇಲ್ಲಿ ಲೆಡ್ಜರು ಕೋಣೆಯ ನಡುವಿನ ಮೇಜಿನ ಮೇಲಿದೆ. ಆರು ಜನರೂ ತಮ್ಮ ತಮ್ಮ ಕುರ್ಚಿಯಿಂದಲೇ ಕೈ ಚಾಚಿ ಅದರಲ್ಲಿ ಬರೆಯುತ್ತಾರೆ. ಕಡತವಿರುವ ಸರ್ವರು ಬರೀ ಕಪಾಟು. ಬರೆಯುವ ಕೈ ನಿಮ್ಮ ಮೇಜಿನ ಕಂಪ್ಯೂಟರಿನದು. ಆ ಕೈಯೇ ಜಾಲದ ತಂತಿ.

ಈ ಕಡತ ಪುಟಗಳಾಗಿ ವಿಭಜಿಸಲ್ಪಟ್ಟಿದೆ. ಆಕ್ಸೆಸ್ 2000ದಿಂದೀಚೆಗೆ ಒಂದು ಪುಟವೆಂದರೆ 4096 ಬೈಟುಗಳು. ಒಂದು ರಸೀದಿ ಸೇರಿಸಿದರೆ ಒಂದಲ್ಲ, ಹಲವು ಪುಟಗಳು ಬದಲಾಗಬೇಕಾಗುತ್ತದೆ: ರಸೀದಿಯ ಪುಟ, ಸೂಚಿಯ ಪುಟ, ಯಾವ ಪುಟ ಯಾರದ್ದೆಂಬ ಲೆಕ್ಕದ ಪುಟ. ಮೊದಲನೆಯದು ಬರೆದು ಎರಡನೆಯದು ಬರೆಯುವ ಮುನ್ನ ತಂತಿ ಸಡಿಲವಾದರೆ, ವಿದ್ಯುತ್ ಹೋದರೆ, ಯಾರೋ ಗುಂಡಿ ಒತ್ತಿ ಯಂತ್ರ ನಿಲ್ಲಿಸಿದರೆ ಪುಸ್ತಕದಲ್ಲಿ ಅರ್ಧ ಮಾತು ಉಳಿಯುತ್ತದೆ. ಮುಂದೆ ಅದನ್ನು ತೆರೆಯುವವರಿಗೆ ದೋಷದ ಸೂಚನೆ ಕಾಣುತ್ತದೆ. ಗಮನಿಸಿ: ಸೂಚನೆ ಕಂಡವರೇ ತಪ್ಪು ಮಾಡಿದವರಾಗಬೇಕಿಲ್ಲ.

ಇದನ್ನು ನಾನು ಕಲಿತದ್ದು ನನಗೆ ಪರಿಚಯವಿದ್ದ ಒಂದು ಪತ್ತಿನ ಸಂಘದಲ್ಲಿ. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳ ತೆರೆಯ ಮೇಲೆ ದೋಷ ಕಾಣಿಸಿತು. ಗಾಬರಿಯಲ್ಲಿ ಯಾರೋ ಕಡತದ ನಕಲು ತೆಗೆಯದೆ ರಿಪೇರಿ ಆಜ್ಞೆ ಕೊಟ್ಟರು. ಕಡತವೇನೋ ತೆರೆಯಿತು. ಆದರೆ ತಂತ್ರಾಂಶಕ್ಕೆ ಅರ್ಥವಾಗದ ಸಾಲುಗಳು ಮಾಯವಾಗಿದ್ದವು. ಕಾರ್ಬನ್ ಪ್ರತಿಗಳನ್ನು ನೋಡಿ ರಸೀದಿಗಳನ್ನು ಮತ್ತೆ ಸೇರಿಸಲು ಹಲವು ದಿನ ಬೇಕಾದವು. ಅಷ್ಟು ದಿನವೂ ಆ ಹುಡುಗಿ ತಲೆ ತಗ್ಗಿಸಿಕೊಂಡೇ ಕೆಲಸ ಮಾಡಿದಳು. ಕೊನೆಗೆ ಸಿಕ್ಕಿದ್ದು ಬೇರೆ ಮೇಜಿನ ಹಿಂದೆ, ಕುರ್ಚಿಯ ಚಕ್ರಕ್ಕೆ ಸಿಕ್ಕು ಜಜ್ಜಿಹೋಗಿದ್ದ ಜಾಲದ ತಂತಿ.

ಆದ್ದರಿಂದ ದೋಷ ಕಂಡಾಗ ಈ ಕ್ರಮವನ್ನು ಪಾಲಿಸಿ.

ಮೊದಲನೆಯದು, ಸಂಖ್ಯೆಯನ್ನೂ ವಾಕ್ಯವನ್ನೂ ಹಾಗೆಯೇ ಬರೆದಿಟ್ಟುಕೊಳ್ಳಿ. 3260 ಎಂದಿದ್ದರೆ ಇನ್ನೊಬ್ಬರು ಅದೇ ಮಾಹಿತಿಯನ್ನು ತಿದ್ದುತ್ತಿದ್ದಾರೆಂದಷ್ಟೇ ಅರ್ಥ, ತುಸು ಕಾಯಿರಿ. 3043 ಜಾಲದ ಅಥವಾ ಡಿಸ್ಕಿನ ತೊಂದರೆಯನ್ನು ಸೂಚಿಸುತ್ತದೆ. 3343 ಎಂದರೆ ಕಡತ ಕೆಟ್ಟಿರಬಹುದು. ಹಳೆಯ ಆವೃತ್ತಿಯಲ್ಲಿ ಹೊಸ ಕಡತ ತೆರೆಯಲು ಹೋದರೂ ಇದೇ ಬರಬಹುದು.

ಎರಡನೆಯದು, ಎಲ್ಲರೂ ಹೊರಬನ್ನಿ. ಕಡತ ತೆರೆದಿರುವಾಗ ಅದರ ಪಕ್ಕದಲ್ಲೇ ಅದೇ ಹೆಸರಿನ ಪುಟ್ಟ ಬೀಗದ ಕಡತವೊಂದು ಹುಟ್ಟುತ್ತದೆ. ಕೊನೆಗೆ ಎಲ್‌ಡಿಬಿ ಅಥವಾ ಎಲ್‌ಎಸಿಸಿಡಿಬಿ ಎಂದಿರುತ್ತದೆ. ತೆರೆದವರ ಕಂಪ್ಯೂಟರಿನ ಹೆಸರು ಅದರಲ್ಲಿ ದಾಖಲಾಗುತ್ತದೆ. ಕೊನೆಯವರು ಹೊರಬಂದಾಗ ಅದು ತಾನೇ ಅಳಿಯಬೇಕು. ಅಳಿಯದಿದ್ದರೆ ಯಾರೋ ಒಳಗಿದ್ದಾರೆ, ಅಥವಾ ಹಿಂದೆ ಯಾರದೋ ಸಂಪರ್ಕ ನಡುವೆಯೇ ಕಡಿದಿದೆ, ಇಲ್ಲವೆ ಆ ಫೋಲ್ಡರಿನಲ್ಲಿ ಅಳಿಸುವ ಅನುಮತಿ ಇಲ್ಲ. ಬಳಸುವ ಪ್ರತಿಯೊಬ್ಬರಿಗೂ ಆ ಫೋಲ್ಡರಿನಲ್ಲಿ ಓದುವ, ಬರೆಯುವ, ಹೊಸ ಕಡತ ಸೃಷ್ಟಿಸುವ ಮತ್ತು ಅಳಿಸುವ ಅನುಮತಿ ಇರಬೇಕು.

ಮೂರನೆಯದು, ನಕಲು. ಕೆಟ್ಟ ಕಡತವಾದರೂ ಸರಿ, ಅದನ್ನು ಮೊದಲು ನಕಲು ಮಾಡಿ ಬೇರೆಡೆ ಇಡಿ. ಮೂಲವನ್ನು ಮುಟ್ಟಬೇಡಿ.

ನಾಲ್ಕನೆಯದು, ಆ ನಕಲಿನ ಮೇಲೆ, ಸ್ಥಳೀಯ ಡಿಸ್ಕಿನಲ್ಲಿ, ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ನಡೆಸಿ. ಎಂಸಿಸ್ ಕಾಂಪ್ಯಾಕ್ಟ್ ಎರರ್ಸ್ ಎಂಬ ಕೋಷ್ಟಕ ಹುಟ್ಟಿಕೊಂಡರೆ ಅದನ್ನು ಓದಿ. ಯಾವುದು ಉಳಿಯಲಿಲ್ಲವೆಂಬ ಸುಳಿವು ಅಲ್ಲಿದೆ. ಸಾಲುಗಳ ಎಣಿಕೆಯನ್ನು ಹಿಂದಿನ ದಿನದ ಪ್ರತಿಯೊಂದಿಗೆ ಹೋಲಿಸಿ ನೋಡಿ. ಕೋಷ್ಟಕ ತೆರೆದರೂ ರಿಪೇರಿಗೆ ಒಗ್ಗದಿದ್ದರೆ, ಹೊಸ ಖಾಲಿ ಕಡತವೊಂದನ್ನು ಮಾಡಿ ಒಂದೊಂದೇ ಕೋಷ್ಟಕವನ್ನು ಅದಕ್ಕೆ ತರಬಹುದು.

ಐದನೆಯದು, ಕಾರಣ ಹುಡುಕಿ. ಇದನ್ನು ಬಿಟ್ಟರೆ ಮುಂದಿನ ವಾರ ಮತ್ತೆ ಅದೇ ಪಾಡು. ತಂತಿ, ಸ್ವಿಚ್ಚು, ಯುಪಿಎಸ್ ನೋಡಿ. ಯಾರಾದರೂ ವೈಫೈ ಮೂಲಕ ಬರೆಯುತ್ತಿದ್ದಾರೆಯೇ ವಿಚಾರಿಸಿ. ಗೋಡೆ ದಾಟಿ ಬರುವ ಸಂಪರ್ಕ ಕ್ಷಣಕಾಲ ತಪ್ಪಿದರೂ ಸಾಕು. ಕಡತವನ್ನು ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ಗಳಂಥ ಸಮನ್ವಯ ಫೋಲ್ಡರಿನಲ್ಲಿಟ್ಟು ಹಂಚಿಕೊಳ್ಳಬೇಡಿ. ಕಡತದ ಗಾತ್ರವನ್ನೂ ಗಮನಿಸಿ; 2 ಗಿಗಾಬೈಟ್ ಅದರ ಮಿತಿ. ಕೆಲವೊಮ್ಮೆ ಕಾರಣ ಕಚೇರಿಯೊಳಗೇ ಇರುವುದಿಲ್ಲ. 2018ರ ವಿಂಡೋಸ್ 10 ನವೀಕರಣದ ನಂತರ ಹಂಚಿಕೊಂಡ ಆಕ್ಸೆಸ್ ಕಡತಗಳು ಕೆಡುತ್ತಿವೆ ಎಂಬ ದೂರು ಬಂದಾಗ, ತೊಡಕು ವಿಂಡೋಸಿನ ಕಡತ ಹಂಚಿಕೆಯ ವ್ಯವಸ್ಥೆಯಲ್ಲಿದೆಯೆಂದು ಮೈಕ್ರೋಸಾಫ್ಟ್ ತಿಳಿಸಿತು.

ಇನ್ನು ಮುಂಜಾಗ್ರತೆ. ಕಡತವನ್ನು ಎರಡಾಗಿ ಒಡೆಯಿರಿ: ಕೋಷ್ಟಕಗಳು ಮಾತ್ರ ಸರ್ವರಿನಲ್ಲಿರಲಿ, ನಮೂನೆ, ವರದಿಗಳಿರುವ ಭಾಗದ ಒಂದೊಂದು ಪ್ರತಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿರಲಿ. ಸಂಜೆ ಎಲ್ಲರೂ ಹೊರಬಂದ ಮೇಲೆ ದಿನಾಂಕ ನಮೂದಿಸಿ ನಕಲು ತೆಗೆಯಿರಿ. ಕಾಗದದ ಮೇಲೆ 255 ಜನ ಒಟ್ಟಿಗೆ ಬಳಸಬಹುದು ಎಂದಿದೆ. ಅದನ್ನು ನಂಬಿ ಕೂರಬೇಡಿ. ಬಳಸುವವರು ಹೆಚ್ಚಿದಂತೆ, ಒಬ್ಬನೇ ಗುಮಾಸ್ತನಿರುವ ಸರ್ವರ್ ಮಾದರಿಗೆ ಕೋಷ್ಟಕಗಳನ್ನು ವರ್ಗಾಯಿಸುವುದು ಲೇಸು.

ಇಷ್ಟೆಲ್ಲ ನೆನಪಿರದಿದ್ದರೂ ಚಿಂತೆಯಿಲ್ಲ. ಸರ್ವರಿನ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿ: ‘ಮೊದಲು ಎಲ್ಲರೂ ಹೊರಗೆ, ಆಮೇಲೆ ನಕಲು, ಕೊನೆಗೆ ರಿಪೇರಿ.’ ಯಾರು ಏನು ಒತ್ತಿದರು ಎಂಬ ಪ್ರಶ್ನೆಯನ್ನು ತಂತಿ ಪರೀಕ್ಷಿಸಿದ ಮೇಲೆ ಕೇಳಿ. ಬಹಳ ಸಲ ಆಗ ಕೇಳುವ ಅಗತ್ಯವೇ ಬೀಳುವುದಿಲ್ಲ.