ಜೀವಕೋಶಗಳ ಕಾಯಕ

ಉಡುಪಿ ಜಿಲ್ಲೆಯ ಶಂಕರಪುರವು ಮಲ್ಲಿಗೆಗೆ ಹೆಸರಾದ ಊರು. ಅಲ್ಲಿ ಮಲ್ಲಿಗೆಯ ಗೆಲ್ಲೊಂದನ್ನು ತುಂಡರಿಸಿ ಮಣ್ಣಿಗೆ ಊರಿದರೆ ಅದು ಬೇರೊಡೆದು ಪೂರ್ಣ ಗಿಡವಾಗುತ್ತದೆ. ಕಾಂಡದ ಕೋಶಗಳಿಗೆ ಬೇರಾಗುವ ಶಕ್ತಿಯೂ ಉಳಿದಿರುವುದೇ ಇದಕ್ಕೆ ಕಾರಣ. ಪ್ರಾಣಿಗಳಲ್ಲಿ ಹಾಗಲ್ಲ, ಒಮ್ಮೆ ಸ್ವೀಕರಿಸಿದ ಕಾಯಕವನ್ನು ಜೀವಕೋಶವು ಸಾಮಾನ್ಯವಾಗಿ ಬಿಡುವುದಿಲ್ಲ.

ತಾಯಿಯ ಗರ್ಭದಲ್ಲಿ ಒಂದು ಕೋಶವು ಎರಡಾಗಿ, ನಾಲ್ಕಾಗಿ ಬೆಳೆಯುತ್ತದೆ. ಮೂರನೆಯ ವಾರದಲ್ಲಿ ಮೂರು ಪದರಗಳು ಮೂಡುತ್ತವೆ. ಹೊರಪದರದಿಂದ ಮೇಲ್ಚರ್ಮ, ಮಿದುಳು, ನರಗಳು; ನಡುಪದರದಿಂದ ಮಾಂಸಖಂಡ, ಮೂಳೆ, ರಕ್ತ; ಒಳಪದರದಿಂದ ಕರುಳು, ಶ್ವಾಸಕೋಶಗಳ ಒಳಹೊದಿಕೆ. ಈ ಕೋಶಗಳೆಲ್ಲ ಪಡೆದ ವಂಶವಾಹಿಗಳು ಒಂದೇ. ಅವುಗಳಲ್ಲಿ ಯಾವುವು ಎಚ್ಚರಗೊಳ್ಳುತ್ತವೆ ಎಂಬುದರಿಂದ ಕಾಯಕ ಬೇರೆಯಾಗುತ್ತದೆ. ಇಲ್ಲಿ ಮೇಲುಕೀಳೆಂಬುದಿಲ್ಲ.

ಮಿದುಳು, ಬೆನ್ನುಹುರಿಗಳಾಗಲಿರುವ ನರನಾಳವು ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಶಿಶುವಿಗೆ ತೀವ್ರ ವೈಕಲ್ಯ ಉಂಟಾಗುತ್ತದೆ. ಆ ವೇಳೆಗೆ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲ. ಆದುದರಿಂದ ಎಚ್ಚರ ಮೊದಲೇ ಬೇಕು.

ಕೋಶಗಳು ವಿಭಜನೆಗೊಳ್ಳಲು ಫೋಲಿಕ್ ಆಮ್ಲ ಅವಶ್ಯಕ. ಮಗುವನ್ನು ಬಯಸುವ ಮಹಿಳೆಯರು ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮೊದಲೇ ಆರಂಭಿಸಿ, ಗರ್ಭದ ಮೊದಲ ಮೂರು ತಿಂಗಳು ಮುಗಿಯುವವರೆಗೆ ನಿತ್ಯ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಸೇವಿಸಬೇಕು. ಊಟದಲ್ಲಿ ಸೊಪ್ಪು, ಬೇಳೆಕಾಳುಗಳೂ ಇರಲಿ. ಹಿಂದೆ ಇಂಥ ದೋಷವುಳ್ಳ ಮಗು ಜನಿಸಿದ್ದರೆ, ಇಲ್ಲವೆ ಮೂರ್ಛೆರೋಗಕ್ಕೆ ಔಷಧ ನಡೆಯುತ್ತಿದ್ದರೆ ಹೆಚ್ಚಿನ ಪ್ರಮಾಣ ಬೇಕಾಗಬಹುದು. ವೈದ್ಯರನ್ನು ಮೊದಲೇ ಕಾಣಬೇಕು.

ಮನೆಯ ಹಿರಿಯರು ಮಗಳಿಗೆ, ಸೊಸೆಗೆ ಈ ಮಾತನ್ನು ಸಂಕೋಚವಿಲ್ಲದೆ ತಿಳಿಸಲಿ. ಹುಟ್ಟಲಿರುವ ಮಗುವಿಗೆ ನಾವು ಸಲ್ಲಿಸುವ ಮೊದಲ ದಾಸೋಹವಿದು.