ರೆಕ್ಕೆಯೊಳಗೆ ಅಷ್ಟೊಂದು ಇಂಧನವೇ?

ಕಿಟಕಿಯಿಂದ ನೋಡಿದರೆ ತೆಳ್ಳಗೆ ಕಾಣುವ ವಿಮಾನದ ರೆಕ್ಕೆಯಲ್ಲಿ
ಲಕ್ಷ ಲೀಟರಿಗೂ ಮೀರಿದ ಇಂಧನ ಹಿಡಿಸುವುದಾದರೂ ಹೇಗೆ?

2021ರ ಜನವರಿಯಲ್ಲಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ಹಾರಾಟಕ್ಕೆ
ಏರ್ ಇಂಡಿಯಾ ಬಳಸಿದ ಬೋಯಿಂಗ್ 777-200ಎಲ್‌ಆರ್ ಮಾದರಿಯ ಸಾಮರ್ಥ್ಯ
ಸುಮಾರು 1,81,000 ಲೀಟರ್,
ಅಂದರೆ 12,000 ಲೀಟರಿನ ಹದಿನೈದು ನೀರಿನ ಟ್ಯಾಂಕರುಗಳಷ್ಟು;
ಜನರು ಇದನ್ನು ನಂಬಲು ಹಿಂಜರಿಯುವುದು ಸಹಜವೇ.

ಆದರೆ ರೆಕ್ಕೆಯೊಳಗೆ ಪ್ರತ್ಯೇಕ ಡಬ್ಬಿಯೇನೂ ಇರುವುದಿಲ್ಲ;
ಅದರ ಉದ್ದಕ್ಕೂ ಸಾಗುವ ಎರಡು ಲೋಹದ ತೊಲೆಗಳ ನಡುವಿನ ಟೊಳ್ಳನ್ನೇ
ಸೋರದಂತೆ ಮುಚ್ಚಿ ಟ್ಯಾಂಕ್ ಮಾಡಲಾಗುತ್ತದೆ,
ಜೊತೆಗೆ ಪ್ರಯಾಣಿಕರ ಕಾಲಡಿಯಲ್ಲಿ,
ರೆಕ್ಕೆಗಳೆರಡೂ ಕೂಡುವೆಡೆ, ಮಧ್ಯದ ಟ್ಯಾಂಕೊಂದಿರುತ್ತದೆ.

ಬುಡದಲ್ಲಿ ರೆಕ್ಕೆ ಎಷ್ಟು ದಪ್ಪವೆಂದರೆ,
ತಪಾಸಣೆಯ ವೇಳೆ ಮೆಕ್ಯಾನಿಕ್‌ಗಳು
ಅಡಿಭಾಗದ ಅಂಡಾಕಾರದ ಕಿಂಡಿಯಲ್ಲಿ ತೂರಿ,
ಬರಿದಾದ ಟ್ಯಾಂಕಿನೊಳಗೇ ಕೆಲಸ ಮಾಡುತ್ತಾರೆ.

ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಬಾಗಿಸುತ್ತದೆ,
ಒಳಗಿನ ಇಂಧನದ ತೂಕ ಅದನ್ನು ತಡೆಯುತ್ತದೆ;
ಆದ್ದರಿಂದಲೇ ಮಧ್ಯದ ಟ್ಯಾಂಕನ್ನು ಮೊದಲು ಖಾಲಿ ಮಾಡಿ,
ರೆಕ್ಕೆಯ ಇಂಧನವನ್ನು ಕೊನೆಗೆ ಉಳಿಸಿಕೊಳ್ಳಲಾಗುತ್ತದೆ.

ಹಾಗೆಂದು ಪ್ರತಿ ಹಾರಾಟಕ್ಕೂ ಟ್ಯಾಂಕ್ ಪೂರ್ತಿ ತುಂಬಿಸುವುದಿಲ್ಲ,
ಏಕೆಂದರೆ ಹೆಚ್ಚುವರಿ ಇಂಧನವನ್ನು ಹೊರುವುದಕ್ಕೂ
ಇಂಧನವೇ ಉರಿಯಬೇಕಾಗುತ್ತದೆ.